ಫೋಟೋ ಕಳಿಸಿದ ಮರುದಿನ

ಪನ್ವೇಲ್ ಲೋಕಲ್ ರೈಲಿನಲ್ಲಿ ಕೂರಲು ಜಾಗವಿದ್ದರೂ ಹರಿಶ್ಚಂದ್ರ ಬಾಗಿಲ ಬಳಿಯೇ ನಿಂತಿದ್ದ. ಕೂತರೆ ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ, ಹೋದರೆ ಸರ್ವೋತ್ತಮನ ಮೆಸೇಜನ್ನು ಮತ್ತೆ ನೋಡಬೇಕಾಗುತ್ತದೆ. ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಸರ್ವೋತ್ತಮ ಅವನ ಊರಿನವನೇ, ಶಾಲೆಯಲ್ಲಿ ಎರಡು ಕ್ಲಾಸು ಹಿಂದಿದ್ದವನು. ಬೆಳಿಗ್ಗೆ ಏಳಕ್ಕೆ ಮಾನಸಿಯ ಫೋಟೋ ಕಳಿಸಿ ಕೆಳಗೆ ಬರೆದಿದ್ದ: ‘ಹರಿಯಣ್ಣ, ಇದು ನಮ್ಮ ಮಾನಸಿ ಅಲ್ವ? ಯಾವಾಗ ಆಯ್ತು? ನನಗೆ ಒಂದು ಮಾತು ಹೇಳಬಾರದಿತ್ತಾ?’ ಅದರ ಕೆಳಗೆ ಮೂರು ಜೋಡಿ ಮುಗಿದ ಕೈಗಳು. ಫೋಟೋದ ತಲೆಯ ಮೇಲೆ ಜೋಡಿ ಬಾಣದ ಗುರುತಿತ್ತು, ಅಂದರೆ ಅದು ಬಹಳ ಕೈ ದಾಟಿ ಬಂದದ್ದು. ಅದನ್ನು ಓದುವಾಗ ಮಾನಸಿ ಬಾತ್‌ರೂಮಿನಲ್ಲಿದ್ದಳು, ನೀರು ಬೀಳುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತು, ಮಗಳು ಒಳಗೆ ಒಮ್ಮೆ ಕೆಮ್ಮಿ, ಚಿಲಕ ತೆಗೆಯುವ ತನಕ ಅವನು ಬಾಗಿಲ ಹೊರಗೇ ನಿಂತಿದ್ದ. ‘ಕ್ಯಾ ಹುವಾ ಪಪ್ಪಾ?’ ಎಂದಳು. ಗೀಸರ್ ಬಂದ್ ಮಾಡಲು ಬಂದೆ ಎಂದ. ಸರ್ವೋತ್ತಮನಿಗೆ ‘ಅವಳು ಬದುಕಿದ್ದಾಳೆ’ ಎಂದು ಬರೆದು, ಆ ಮಾತೇ ಕೆಟ್ಟದಾಗಿ ಕಂಡು, ಅಳಿಸಿ, ‘ತಪ್ಪಾಗಿದೆ, ಆಮೇಲೆ ಹೇಳ್ತೇನೆ’ ಎಂದು ಬರೆದ. ಅವಳು ಈಗ ಇದಕ್ಕೆ ಎದುರು ದಿಕ್ಕಿನ ಗಾಡಿಯಲ್ಲಿ ಥಾಣೆಗೆ ಹೋಗುತ್ತಿದ್ದಾಳೆ, ಅಲ್ಲಿಂದ ಬಸ್ಸು ಹಿಡಿದು ಘೋಡಬಂದರ್ ರಸ್ತೆಯ ಆಫೀಸಿಗೆ. ಕೊಪರ್‌ಖೈರಣೆ ದಾಟುವಷ್ಟರಲ್ಲಿ ಇದನ್ನು ತನಗೆ ತಾನೇ ನಾಲ್ಕು ಸಲ ಹೇಳಿಕೊಂಡಿದ್ದ. ಹೇಳಿಕೊಳ್ಳಬೇಕಾಗಿ ಬಂತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಊರಿನಲ್ಲಿ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುತ್ತಾರೆ. ಸತ್ತ ಹೆಣ್ಣಿಗೆ ಸತ್ತ ಗಂಡು ಹುಡುಕಿ, ಜಾತಿ ಒಂದೇ, ತಾಯಿಯ ಕಡೆಯ ಬಳಿ, ಅಂದರೆ ಗೋತ್ರ, ಬೇರೆ ಎಂದು ನೋಡಿ, ಎರಡು ಮನೆಯವರು ಕೂತು ಮಾತಾಡಿ, ಮಳೆಗಾಲದ ಆಟಿ ತಿಂಗಳಿನಲ್ಲಿ ಸೀರೆ ಪಂಚೆ ಇಟ್ಟು ಧಾರೆ ಎರೆಯುತ್ತಾರೆ. ಕುಲೆ ಮದುವೆ, ಅಂದರೆ ಪ್ರೇತಗಳ ಮದುವೆ. ಮೊದಲಾದರೆ ಇದಕ್ಕೆ ಹಿರಿಯರು ಮನೆಮನೆ ಅಲೆಯಬೇಕಿತ್ತು, ಈಗ ಮೊಬೈಲಿನಲ್ಲಿ ಗುಂಪು ಇದೆ. ಹರಿಶ್ಚಂದ್ರ ಇದನ್ನೆಲ್ಲ ನಂಬುವವನಲ್ಲ, ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳುವವನೂ ಅಲ್ಲ. ಮಾನಸಿಗೆ ಬಂದ ಮೂರು ಸಂಬಂಧಗಳು ಕೊನೆಯ ಮೆಟ್ಟಿಲಲ್ಲಿ ನಿಂತು ಹೋದಾಗ ಊರಿನಲ್ಲಿರುವ ಅವನ ಸ್ವಂತ ಅಕ್ಕ, ಅಪ್ಪಿಯಕ್ಕ, ಹೇಳಿದ್ದು ಒಂದೇ ಮಾತು: ‘ಹಿರಿಯವಳದ್ದು ಆಗದೆ ಕಿರಿಯವಳದ್ದು ಹೇಗೆ ಆಗ್ತದೆ?’ ಹಿರಿಯವಳು ಎಂದರೆ ಮಾನಸಿಗಿಂತ ಎರಡು ವರ್ಷ ಮೊದಲು ಹುಟ್ಟಿ, ಒಂಬತ್ತನೆಯ ದಿನಕ್ಕೆ ಹೋದ ಮಗು. ಹೆಸರಿಡುವ ಮೊದಲೇ ಹೋಯಿತು. ಅದರ ಸುದ್ದಿಯನ್ನು ಅವನಾಗಲಿ, ಆರು ವರ್ಷದ ಹಿಂದೆ ತೀರಿಕೊಂಡ ಅವನ ಹೆಂಡತಿಯಾಗಲಿ ಮಾನಸಿಗೆ ಹೇಳಿರಲಿಲ್ಲ. ಬಚ್ಚಿಟ್ಟದ್ದಲ್ಲ, ಹೇಳುವ ದಿನ ಬರಲಿಲ್ಲ ಅಷ್ಟೆ ಎಂದು ಅವನು ಅಂದುಕೊಳ್ಳುತ್ತಿದ್ದ.

ಮಾನಸಿ ಬಿಟ್ಟ ಹಳೆಯ ಮೊಬೈಲನ್ನು ಅಕ್ಕನಿಗೆ ಕೊಟ್ಟವನು ಅವನೇ. ನೆಟ್ ಹಾಕಿಸಿ, ಯಾವುದನ್ನು ಒತ್ತಿದರೆ ಯಾವುದು ಹೋಗುತ್ತದೆ ಎಂದು ಎರಡು ದಿನ ಕೂತು ಕಲಿಸಿದ್ದ. ಆದರೆ ಅಕ್ಕನ ಮನೆ ಗುಡ್ಡದ ಬುಡದಲ್ಲಿದೆ, ಅಲ್ಲಿ ಟವರು ಸಿಗುವುದಿಲ್ಲ. ಮೇಲೆ, ಕೆಂಪುಕಲ್ಲು ಕಡಿದು ಬಿಟ್ಟುಹೋದ ಹಳೆಯ ಕೋರೆಯ ಅಂಚಿನಲ್ಲಿ ಮಾತ್ರ ಸಿಗುತ್ತದೆ. ದಿನಾ ಸಂಜೆ ನಾಲ್ಕಕ್ಕೆ ಅಕ್ಕ ಕೊಡೆ ಹಿಡಿದು ಹತ್ತುತ್ತಾಳೆ. ಹತ್ತಾರು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ನೆಟ್ ಸಿಗುವ ಕಲ್ಲಿನ ಮೇಲೆ ಇನ್ನೊಬ್ಬರು ಕೂತರೆ ಜಗಳವೇ ಆಗುತ್ತದಂತೆ. ಅರ್ಧ ಗಂಟೆಯಲ್ಲಿ ಹಿಂದಿನ ದಿನದ್ದೆಲ್ಲ ಬಂದು ಬೀಳುತ್ತದೆ, ಅವರು ಹೇಳಬೇಕಾದದ್ದೆಲ್ಲ ಹೋಗುತ್ತದೆ. ಆಮೇಲೆ ಇಳಿದು ಹೋದರೆ ಮರುದಿನ ನಾಲ್ಕರ ತನಕ ಅವರು ಯಾರಿಗೂ ಸಿಗುವುದಿಲ್ಲ.

ನಿನ್ನೆ, ಭಾನುವಾರ, ನಾಲ್ಕಕ್ಕೆ ಅಕ್ಕ ಕೋರೆಯಿಂದ ಫೋನು ಮಾಡಿದ್ದಳು. ‘ಆಟಿ ಮುಗಿಯುತ್ತ ಬಂತು. ನೀನು ಬರೆದು ಕೊಡು, ನಾನು ಗುಂಪಿಗೆ ಹಾಕ್ತೇನೆ. ಒಂದು ಫೋಟೋ ಇದ್ದರೆ ಒಳ್ಳೆದು. ಫೋಟೋ ಇಲ್ಲದ್ದನ್ನು ಈಗ ಯಾರೂ ನೋಡುದಿಲ್ಲ.’ ಅವನು ಬರೆದ. ತೀರಿಹೋದ ಹೆಣ್ಣು. ಜಾತಿ, ಬಳಿ. ತಂದೆ ಹರಿಶ್ಚಂದ್ರ, ಘಣಸೋಲಿ, ಫೋನ್ ನಂಬರು. ಹುಟ್ಟಿದ ವರ್ಷ, ತಿಂಗಳು ಬರೆದ. ಹೋದ ದಿನ ಬರೆಯಲು ಕೈ ಬರಲಿಲ್ಲ. ನಡುವೆ ಒಂಬತ್ತೇ ದಿನ ಎಂದು ಕಂಡರೆ ಅದು ಮದುವೆಯ ಹೆಣ್ಣು ಹೇಗೆ ಎಂದು ಯಾರಾದರೂ ನಕ್ಕಾರು ಎಂದು ನಾಚಿಕೆಯಾಯಿತು. ಫೋಟೋ ಎಂದಾಗ ಅವನ ಬೆರಳು ಮಾನಸಿಯದ್ದರ ಮೇಲೆ ನಿಂತಿತು. ಹೋದ ತಿಂಗಳು ಅವಳೇ ತೆಗೆದುಕೊಂಡದ್ದು, ನೀಲಿ ಕುರ್ತಾ, ಹಿಂದೆ ಬಾಲ್ಕನಿಯ ಗ್ರಿಲ್ಲು. ಬದುಕಿದ್ದರೆ ಇಷ್ಟು ದೊಡ್ಡವಳಾಗಿರುತ್ತಿದ್ದಳು, ಹೀಗೇ ಇರುತ್ತಿದ್ದಳು, ಎಂದುಕೊಂಡ. ಆ ಕ್ಷಣದಲ್ಲಿ ಅದು ಸುಳ್ಳು ಅನಿಸಲಿಲ್ಲ, ಸುಖ ಅನಿಸಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮಗುವಿಗೆ ಏನೋ ಕೊಟ್ಟ ಹಾಗಾಗಿ ಕಣ್ಣು ತುಂಬಿತು. ಕಳಿಸಿಬಿಟ್ಟ. ಹತ್ತು ನಿಮಿಷದ ಮೇಲೆ ಒಳಗಿನಿಂದ ಮಾನಸಿ ಯಾರ ಜೊತೆಗೋ ನಗುವುದು ಕೇಳಿತು. ಎಲ್ಲರಿಗೂ ಅಳಿಸು ಎಂಬುದನ್ನು ಒತ್ತಿದ. ಅವನ ಕಡೆಯಿಂದ ಅಳಿಸಿತು. ಅಕ್ಕ ಅಷ್ಟರಲ್ಲಿ ಅದನ್ನು ಮುಂದೆ ಕಳಿಸಿ ಗುಡ್ಡ ಇಳಿದಾಗಿತ್ತು.

ಬೇಲಾಪುರದ ಆಫೀಸಿನಲ್ಲಿ ಅವನ ಮೇಜಿನ ಮೇಲೆ ನಕ್ಷೆಗಳ ಮೂರು ಕಟ್ಟು ಇತ್ತು. ಒಂದನ್ನು ಬಿಚ್ಚಿ, ಸೆಕ್ಟರುಗಳ ಗೆರೆ ನೋಡುತ್ತ ಕೂತ. ಗೆರೆಗಳು ನಿಂತಲ್ಲಿ ನಿಲ್ಲಲಿಲ್ಲ. ಮಗಳ ಫೋಟೋ ಈಗ ಎಲ್ಲೆಲ್ಲಿ ಬರುತ್ತಿರಬಹುದು ಎಂದು ಬೇಡವೆಂದರೂ ಮನಸ್ಸು ಹೋಗುತ್ತಿತ್ತು. ಅಕ್ಕನ ಕೋರೆಯಂಥ ಜಾಗ ಒಂದೊಂದು ಊರಿಗೂ ಇರುತ್ತದೆ. ಒಂದು ಕಡೆ ನೀರಿನ ಟ್ಯಾಂಕಿನ ಮೆಟ್ಟಿಲು, ಇನ್ನೊಂದು ಕಡೆ ಸ್ಮಶಾನದ ಹಿಂದಿನ ಎತ್ತರದ ದರೆ, ಹಾಲಿನ ಡೈರಿಯ ಜಗಲಿ. ಅಲ್ಲಿ ಜನ ಕೈ ಎತ್ತಿ ಮೊಬೈಲು ಹಿಡಿದು ನಿಂತಿದ್ದಾರೆ, ಮೊದಲು ನೀಲಿಯ ಮಸುಕು ಮಾತ್ರ, ನಡುವೆ ಒಂದು ಸುತ್ತು ತಿರುಗುತ್ತಿದೆ, ತಿರುಗಿ ತಿರುಗಿ ಆಮೇಲೆ ಕಣ್ಣು, ತುಟಿ ಸ್ಪಷ್ಟವಾಗುತ್ತವೆ. ಛೆ, ಎಷ್ಟು ಚಂದದ ಹುಡುಗಿ, ಎನ್ನುತ್ತಾರೆ. ಮಾನಸಿ ಊರಿಗೆ ಹೋದದ್ದು ಹುಟ್ಟಿದ ಮೇಲೆ ಮೂರು ಸಲ. ಅಲ್ಲಿ ಯಾರಿಗೂ ಅವಳ ಗುರುತಿಲ್ಲ, ಈಗ ಎಲ್ಲರಿಗೂ ಸಿಕ್ಕಿತು, ಸತ್ತವಳೆಂದು ಸಿಕ್ಕಿತು. ಅಷ್ಟು ಜನ ಒಟ್ಟಿಗೆ ಒಬ್ಬಳನ್ನು ಸತ್ತಳು ಅಂದುಕೊಂಡರೆ ಅವಳಿಗೆ ಏನೂ ಆಗುವುದಿಲ್ಲವೇ? ಇದು ಮೂರ್ಖತನ ಎಂದು ತಲೆ ಹೇಳಿತು. ಕೈ ಅವಳ ನಂಬರು ಒತ್ತಿತು. ರಿಂಗಾಗಿ ರಿಂಗಾಗಿ ನಿಂತಿತು. ವಾಟ್ಸಾಪಿನಲ್ಲಿ ಅವಳ ಹೆಸರಿನ ಕೆಳಗೆ, ಕೊನೆಗೆ ಕಂಡದ್ದು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಎಂದಿತ್ತು. ಹನ್ನೊಂದಕ್ಕೆ ನೋಡಿದ, ಹತ್ತು ಹನ್ನೆರಡು. ಒಂದಕ್ಕೆ ನೋಡಿದ, ಅದೇ. ಪಕ್ಕದ ಮೇಜಿನ ಯಶ್ವಂತ್ ಡಬ್ಬಿ ತೆರೆಯುತ್ತ, ‘ಜೇವಣಾರ್ ನಾಹೀ ಕಾ, ಸಾಹೇಬ್?’ ಎಂದು ಮರಾಠಿಯಲ್ಲಿ ಊಟಕ್ಕೆ ಕರೆದ. ಹೊಟ್ಟೆ ಸರಿಯಿಲ್ಲ ಎಂದ ಹರಿಶ್ಚಂದ್ರ. ಮಗಳ ಆಫೀಸಿನ ನಂಬರು ತನ್ನಲ್ಲಿ ಇಲ್ಲ ಎಂಬುದು ಆಗ ಹೊಳೆಯಿತು. ಆಫೀಸಿನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಎರಡೂವರೆಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಮಗಳ ಬಗ್ಗೆ ಯಾರೋ ಮಾಡುತ್ತಿದ್ದಾರೆ ಎಂದು ಎದ್ದು ಮೆಟ್ಟಿಲ ಕಡೆ ಓಡಿದ. ಅದು ಮಗಳ ಬಗ್ಗೆಯೇ ಆಗಿತ್ತು.

‘ಹರಿಶ್ಚಂದ್ರಣ್ಣನಾ? ನಾನು ಡೊಂಬಿವಲಿಯಿಂದ, ಜಯಲತಾ ಅಂತ. ನಿಮ್ಮ ಮಗಳ ಫೋಟೋ ಬಂತು. ಅರ್ಜೆಂಟು ಮಾಡ್ತೇನೆ ಅಂತ ಬೇಜಾರು ಮಾಡಬೇಡಿ.’ ಧ್ವನಿ ಮೆತ್ತಗಿತ್ತು, ಹಿಂದೆ ಕುಕ್ಕರಿನ ಸೀಟಿ. ‘ನನ್ನ ಮಗ ಅನೀಶ. ನಾಲ್ಕು ವರ್ಷ ಆಯ್ತು, ಕಾಮಾಲೆಯಲ್ಲಿ ಹೋದ. ಇಪ್ಪತ್ತಾರು. ಎಷ್ಟೋ ಬಂತು ಅಣ್ಣ, ಹೆಚ್ಚಿನದ್ದು ಚಿಕ್ಕ ಚಿಕ್ಕ ಮಕ್ಕಳು, ಮುಖವೇ ಇಲ್ಲ. ಇವಳನ್ನು ಕಂಡ ಕೂಡಲೇ ಇವಳೇ ಅಂತ ನನ್ನ ಮನಸ್ಸು ಹೇಳಿ ಆಯ್ತು. ಅವನು ಇದ್ದಿದ್ದರೆ ಇಂಥವಳನ್ನೇ ತರ್ತಿದ್ದ.’

ಈಗ ಹೇಳಬೇಕು, ಎಂದುಕೊಂಡ. ಬಾಯಿ ತೆರೆದ.

‘ಅವಳಿಗೆ ಎಂತ ಆದದ್ದು?’ ಎಂದು ಅವಳು ಕೇಳಿದಳು.

‘ಜ್ವರ,’ ಎಂದ. ‘ಒಂಬತ್ತು ದಿನ.’

‘ಒಂಬತ್ತು ದಿನ ಜ್ವರವಾ! ಆಸ್ಪತ್ರೆಗೆ?’

‘ಇಲ್ಲ. ಊರಿನಲ್ಲಿ. ಹೊಳೆ ತುಂಬಿತ್ತು, ದಾಟಲಿಕ್ಕೆ ಆಗಲಿಲ್ಲ.’

‘ನೀವು ಹತ್ತಿರ ಇದ್ದಿರಾ?’

‘ಇಲ್ಲ. ನಾನು ಇಲ್ಲಿ ಇದ್ದೆ. ಹನ್ನೆರಡನೇ ದಿನಕ್ಕೆ ಹೋದರೆ ಸಾಕು ಅಂತ ಇದ್ದೆ. ಹೋಗುವಾಗ ಮುಗಿದಿತ್ತು.’

‘ತುಂಬ ನರಳಿದಳಾ ಅಣ್ಣ?’

‘ನನಗೆ ಯಾರೂ ಹೇಳಲಿಲ್ಲ,’ ಎಂದ ಹರಿಶ್ಚಂದ್ರ, ಹೇಳಿ ಮೆಟ್ಟಿಲ ಮೇಲೆ ಕೂತು ಅತ್ತ. ಆ ಕಡೆ ಅವಳೂ ಅಳುತ್ತಿದ್ದಳು. ಅವಳು ಮನೆ ಎಲ್ಲಿ ಎಂದು ಕೇಳಿದಳು, ಯಾರು ಕೇಳಿದರೂ ಹೇಳುವ ಹಾಗೆ ಅವನು ಸೆಕ್ಟರು, ಸೊಸೈಟಿ, ಮಾಳಿಗೆ ಹೇಳಿದ. ಫೋನು ಇಟ್ಟ ಮೇಲೆ ತಾನು ಮಾಡಿದ್ದು ತಿಳಿಯಿತು. ಒಂದು ಅಕ್ಷರವೂ ಸುಳ್ಳಲ್ಲ, ಹನ್ನೆರಡನೇ ದಿನ ಮಗುವಿಗೆ ಹೆಸರಿಡುವುದಿತ್ತು. ಇಷ್ಟು ವರ್ಷದಲ್ಲಿ ಹೆಂಡತಿಯ ಹತ್ತಿರವೂ ಆಡದ ಮಾತನ್ನು ಗುರುತಿಲ್ಲದ ಹೆಂಗಸಿನ ಹತ್ತಿರ ಆಡಿದ್ದ, ಎದೆ ಹಗುರವೂ ಆಗಿತ್ತು. ಆದರೆ ಆ ಹೆಂಗಸಿನ ಕೈಯಲ್ಲಿ ಮಾನಸಿಯ ಮುಖ ಇತ್ತು, ಅವನು ಆಡಿದ ಜ್ವರ, ಹೊಳೆ, ಒಂಬತ್ತು ದಿನ ಎಲ್ಲ ಆ ಮುಖಕ್ಕೇ ಹೋಗಿ ಸೇರಿತು. ಅಪ್ಪ ಆದವನು ತನ್ನ ಬಾಯಿಯಿಂದಲೇ ಅವಳನ್ನು ಸತ್ತಳು ಎಂದು ಹೇಳಿಬಿಟ್ಟ. ಮತ್ತೆ ಮಾನಸಿಗೆ ಫೋನು ಮಾಡಿದ. ರಿಂಗಾಯಿತು. ಹತ್ತು ಹನ್ನೆರಡು.

ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಅಕ್ಕನ ನಂಬರು ಒತ್ತುತ್ತ ನಿಂತ. ವ್ಯಾಪ್ತಿ ಪ್ರದೇಶದ ಹೊರಗೆ, ವ್ಯಾಪ್ತಿ ಪ್ರದೇಶದ ಹೊರಗೆ. ಆ ಗುಡ್ಡದ ದಾರಿ ಅವನ ಕಾಲಿಗೆ ಗೊತ್ತು, ಈಗ ಗೇರುಮರ ದಾಟಿದಳು, ಈಗ ಏದುಸಿರು ಬಿಟ್ಟು ನಿಂತಳು, ಈಗ ಕಲ್ಲಿನ ಮೇಲೆ ಕೂತಳು, ಎಂದು ಲೆಕ್ಕ ಹಾಕಿದ. ನಾಲ್ಕು ಏಳಕ್ಕೆ ರಿಂಗಾಯಿತು.

‘ಹೇಳು. ಒಂದು ಒಳ್ಳೆ ಸಂಬಂಧ ಬಂದಿದೆಯಂತೆ, ಈಗ ಗುಂಪಿನಲ್ಲಿ ನೋಡ್ತಾ ಇದ್ದೇನೆ,’ ಎಂದಳು ಅಕ್ಕ. ಗಾಳಿ ಬೀಸುವುದು ಕೇಳುತ್ತಿತ್ತು.

‘ಅಕ್ಕ, ಅದು ಮಾನಸಿಯ ಫೋಟೋ!’

‘ಗೊತ್ತುಂಟು ಮಾರಾಯ. ನನ್ನ ತಮ್ಮನ ಮಗಳ ಗುರ್ತ ನನಗೆ ಸಿಗುದಿಲ್ವಾ?’

‘ಗೊತ್ತಿದ್ದೂ ಹಾಕಿದೆಯಾ?’

‘ಕಳಿಸಿದ್ದು ನೀನು. ನಾನು ಎಂತ ಅಂದುಕೊಳ್ಳಬೇಕು? ನಿನಗೆ ಆ ಮಗುವಿನ ಮುಖ ಗೊತ್ತಿಲ್ಲ. ಇದೇ ಅದು ಅಂತ ಮನಸ್ಸಿನಲ್ಲಿ ಮಾಡಿಕೊಂಡಿದ್ದಾನೆ, ಪಾಪ, ಇರಲಿ ಅಂದುಕೊಂಡೆ. ಅವತ್ತು ಎಷ್ಟು ಕರೆದೆ ನಿನ್ನನ್ನು?’

ಎಷ್ಟು ಕರೆದಿದ್ದಳು. ಮಗುವಿಗೆ ಜ್ವರ ಎಂಬ ತಂತಿ ಸಿಕ್ಕಿ ಅವನು ರಾತ್ರಿ ಬಸ್ಸಿನಲ್ಲಿ ಬಂದು, ದೋಣಿಯವನನ್ನು ಕಾಡಿಬೇಡಿ ಹೊಳೆ ದಾಟಿ, ಅಂಗಳಕ್ಕೆ ಕಾಲಿಟ್ಟಾಗ ಒಳಗೆ ಹೆಂಡತಿಯ ಸದ್ದೇ ಇರಲಿಲ್ಲ. ಅಕ್ಕ ಬಟ್ಟೆಯಲ್ಲಿ ಸುತ್ತಿದ್ದನ್ನು ಮಡಿಲಲ್ಲಿ ಇಟ್ಟುಕೊಂಡು ಚಾವಡಿಯಲ್ಲಿ ಕೂತಿದ್ದಳು. ಮುಖ ಒಮ್ಮೆ ನೋಡು ಬಾ, ಎಂದಳು. ಕಾಲು ತೊಳೆದು ಬರುತ್ತೇನೆ ಎಂದು ಅವನು ಬಾವಿಕಟ್ಟೆಗೆ ಹೋದ. ಒಂದು ಕೊಡ ಸೇದಿದ, ಕೆಸರು ಹೋಯಿತು. ಇನ್ನೊಂದು ಸೇದಿದ. ಹೆಬ್ಬೆರಳಿನ ಸಂದು, ಹಿಮ್ಮಡಿ, ಮತ್ತೆ ಹೆಬ್ಬೆರಳಿನ ಸಂದು. ಅಕ್ಕ ಕರೆಯುತ್ತಲೇ ಇದ್ದಳು, ಅವನು ತೊಳೆಯುತ್ತಲೇ ಇದ್ದ. ನೋಡದಿದ್ದರೆ ನೆನಪೂ ಇರುವುದಿಲ್ಲ ಎಂದು ಆಗ ಅನಿಸಿತ್ತು. ಗಂಡಸರು ಬಂದು ಎತ್ತಿಕೊಂಡು ಹೋದರು. ಅವನ ಕಾಲು ಬಿಳಿಚಿ ಮುದುಡಿತ್ತು.

‘ಅದು ಇವಳ ಹಾಗೇ ಇತ್ತಾ, ಅಕ್ಕ?’ ಎಂದ. ತಾನು ಕೇಳಬೇಕಾದದ್ದು ಅದಲ್ಲ ಎಂದು ಗೊತ್ತಿದ್ದೂ ಕೇಳಿದ. ಅಕ್ಕ ಏನೋ ಹೇಳಿದಳು, ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ‘ಕೇಳುದಿಲ್ಲ,’ ಎಂದ. ಅವಳು ಮತ್ತೆ ಹೇಳಿದಳು, ಮತ್ತೆ ಕೇಳಲಿಲ್ಲ. ಕೊನೆಗೆ ಅವನೇ ಬೊಬ್ಬೆ ಹಾಕಿದ: ‘ಗುಂಪಿಗೆ ಹೇಳು, ಅದು ತಪ್ಪು, ಆ ಹುಡುಗಿ ಬದುಕಿದ್ದಾಳೆ ಅಂತ ಹೇಳು!’ ಮೆಟ್ಟಿಲು ಇಳಿಯುತ್ತಿದ್ದವರು ತಿರುಗಿ ನೋಡಿದರು.

ಅಕ್ಕನಿಗೆ ಬರೆಯಲು ಬರುವುದಿಲ್ಲ, ಮಾತಿನಲ್ಲಿ ಹಾಕಿದಳು. ಸಂಜೆ ಗಾಡಿಯಲ್ಲಿ ನಿಂತಿದ್ದಾಗ ಸರ್ವೋತ್ತಮ ಅದನ್ನು ಅವನಿಗೆ ಕಳಿಸಿದ. ಗಾಳಿಯ ನಡುವೆ ಅಕ್ಕನ ಧ್ವನಿ: ‘ಆ ಫೋಟೋದ ಹುಡುಗಿ ಸತ್ತಿಲ್ಲ. ಬೊಂಬಾಯಿಯಲ್ಲಿ ಚಂದ ಇದ್ದಾಳೆ. ದಿನಾ ಕೆಲಸಕ್ಕೆ ಹೋಗ್ತಾಳೆ.’ ಅದರ ಕೆಳಗೆ ಜನ ಬರೆದದ್ದನ್ನೂ ಸರ್ವೋತ್ತಮ ತೋರಿಸಿದ್ದ. ‘ಸಮಾಧಾನ ಮಾಡ್ಕೊಳ್ಳಿ ಅಪ್ಪಿಯಕ್ಕ.’ ‘ನಮ್ಮ ಅಮ್ಮನೂ ಅಣ್ಣ ಹೋದಾಗ ಹೀಗೇ ಹೇಳ್ತಿದ್ದರು.’ ‘ಹೌದು ಅಕ್ಕ, ಅಂಥವರು ಸಾಯುವುದಿಲ್ಲ.’ ಮುಗಿದ ಕೈಗಳು, ಕೈಗಳು. ಇನ್ನು ನಾಳೆ ನಾಲ್ಕರ ತನಕ ಅಕ್ಕ ಸಿಗುವುದಿಲ್ಲ. ಹರಿಶ್ಚಂದ್ರನಿಗೆ ನಗು ಬಂತು, ನಕ್ಕರೆ ನಿಲ್ಲುವುದಿಲ್ಲ ಎಂದು ಹೆದರಿ ತುಟಿ ಕಚ್ಚಿದ. ಮಗಳು ಮನೆಯಲ್ಲಿದ್ದರೆ ಸಾಕು, ಬೇರೇನೂ ಬೇಡ ಎಂದು ಯಾರಿಗೋ ಹೇಳಿಕೊಂಡ.

ಮನೆಯ ಬಾಗಿಲ ಹೊರಗೆ ಗುರುತಿಲ್ಲದ ಜೋಡಿ ಚಪ್ಪಲಿ, ಒದ್ದೆ ಕೊಡೆ. ಬಾಗಿಲು ಬರೀ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ತಳ್ಳಿದ. ಸೋಫಾದ ಮೇಲೆ ಐವತ್ತೈದರ ಹೆಂಗಸೊಬ್ಬಳು ಮಡಿಲಲ್ಲಿ ಸೀರೆಯ ಪೆಟ್ಟಿಗೆ, ನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟಿ ಇಟ್ಟುಕೊಂಡು ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ, ಇನ್ನೂ ಹೆಗಲ ಬ್ಯಾಗು ತೆಗೆಯದೆ, ಮಾನಸಿ. ಇದ್ದಾಳೆ, ಎಂದುಕೊಂಡ ಹರಿಶ್ಚಂದ್ರ. ಎಷ್ಟು ಸಂತೋಷವಾಯಿತೆಂದರೆ ಆ ಹೆಂಗಸು ಯಾರು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

‘ಫೋನ್ ಯಾಕೆ ಎತ್ತಲಿಲ್ಲ?’ ಎಂದ ಮಗಳಿಗೆ.

‘ಲಾಕರ್ ಮೇ ಥಾ. ಆಜ್ ಆಡಿಟ್ ಥಾ, ಬತಾಯಾ ತೋ ಥಾ.’ ಆಡಿಟ್ ದಿನ ಫೋನು ಲಾಕರಿನಲ್ಲಿರುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು.

‘ಬನ್ನಿ ಅಣ್ಣ,’ ಎಂದಳು ಜಯಲತಾ. ‘ತಡೆಯಲಿಕ್ಕೆ ಆಗಲಿಲ್ಲ, ಬಂದುಬಿಟ್ಟೆ. ಈ ಮಗು ಬಾಗಿಲು ತೆಗೆದಾಗ ನನ್ನ ಜೀವವೇ ಹೋಯ್ತು. ಆಮೇಲೆ ಹತ್ತಿರದಿಂದ ನೋಡಿದೆ. ಇವಳ ಹುಬ್ಬಿನ ಮೇಲೆ ಕಲೆ ಉಂಟು, ಫೋಟೋದವಳಿಗೆ ಇಲ್ಲ. ಅವಳಿ ಮಕ್ಕಳಾ?’

‘ಪಪ್ಪಾ, ಆಂಟಿ ಬೋಲ್ ರಹೀ ಹೈ ಮೇರಿ ಏಕ್ ಬೆಹೆನ್ ಥೀ,’ ತನಗೆ ಒಡಹುಟ್ಟಿದವಳೊಬ್ಬಳು ಇದ್ದಳಂತೆ, ಎಂದಳು ಮಾನಸಿ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದ ಹುಡುಗಿಯ ಹಾಗೆ ನಿಂತಿದ್ದಳು.

ಹೌದು ಎಂದರೆ ಸಾಕಿತ್ತು. ಅವಳಿ, ಒಬ್ಬಳು ಹೋದಳು, ಒಬ್ಬಳು ಉಳಿದಳು. ಎಲ್ಲ ತಾನಾಗಿ ಸರಿಹೊಂದುತ್ತಿತ್ತು, ಮದುವೆಯೂ ಆಗುತ್ತಿತ್ತು, ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಹರಿಶ್ಚಂದ್ರ ಕುರ್ಚಿ ಎಳೆದು ಕೂತ.

‘ಅವಳಿ ಅಲ್ಲ. ಆ ಫೋಟೋ ಇವಳದ್ದೇ. ನಾನೇ ಕಳಿಸಿದೆ.’

ಜಯಲತಾ ನಂಬಲಿಲ್ಲ. ಎದ್ದು ಮಾನಸಿಯ ಕೆನ್ನೆಯ ಪಕ್ಕ ಮೊಬೈಲು ಹಿಡಿದಳು. ‘ಇಲ್ಲಿ ನೋಡಿ. ಕಲೆ ಎಲ್ಲುಂಟು? ಇವಳು ಇಷ್ಟು ಬೆಳ್ಳಗೆ ಇಲ್ಲ.’

‘ಫೋನ್ ಅಪ್ನೇ ಆಪ್ ಸಾಫ್ ಕರ್ ದೇತಾ ಹೈ, ಆಂಟಿ,’ ಎಂದಳು ಮಾನಸಿ ಮೆಲ್ಲಗೆ. ಕಲೆಯನ್ನು ಅದೇ ತೆಗೆದುಬಿಡುತ್ತದೆ, ಎಲ್ಲರದ್ದೂ.

‘ನಿನಗಿಂತ ಎರಡು ವರ್ಷ ದೊಡ್ಡವಳು,’ ಎಂದ ಹರಿಶ್ಚಂದ್ರ ನೆಲ ನೋಡುತ್ತ. ‘ಒಂಬತ್ತೇ ದಿನ ಇದ್ದಳು. ಹೆಸರಿಡಲಿಲ್ಲ. ಮಧ್ಯಾಹ್ನ ನಿಮಗೆ ಹೇಳಿದ್ದೆಲ್ಲ ಅವಳದ್ದೇ, ಜಯಲತಕ್ಕ. ಸುಳ್ಳಲ್ಲ.’

‘ದಿಖ್ತೀ ಕೈಸೀ ಥೀ?’ ನೋಡಲು ಹೇಗಿದ್ದಳು ಎಂದು ಮಾನಸಿ ಕೇಳಿದಳು.

‘ಗೊತ್ತಿಲ್ಲ ಮಗಾ. ನೋಡು ಅಂತ ಕರೆದರು. ನಾನು ಹೋಗಲಿಲ್ಲ. ಕಾಲು ತೊಳೆಯುತ್ತ ನಿಂತೆ.’

ಇಷ್ಟು ಸಣ್ಣ ಮಾತಾಗಿತ್ತು ಅದು. ಕೆಳಗಿನ ರಸ್ತೆಯಲ್ಲಿ ಯಾರೋ ರಿಕ್ಷಾದವನ ಜೊತೆ ಜಗಳವಾಡುತ್ತಿದ್ದರು. ಜಯಲತಾ ಸೀರೆಯ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಲು ನೋಡಿದಳು, ಅದು ಹೋಗಲಿಲ್ಲ. ಮತ್ತೆ ಹೊರಗೆ ತೆಗೆದಳು. ‘ಬರುವ ಮೊದಲು ಈ ಫೋಟೋದ ಪ್ರಿಂಟು ತೆಗೆಸಿ, ಅವನ ಫೋಟೋದ ಪಕ್ಕ ಇಟ್ಟು, ದೀಪ ಹಚ್ಚಿ ಬಂದಿದ್ದೇನೆ,’ ಎಂದಳು. ‘ಮೊದಲ ಸಲ ಅವನು ಒಬ್ಬನೇ ಇಲ್ಲ ಅಂತ ಕಂಡಿತು ನನಗೆ. ಈಗ ಹೋಗಿ ತೆಗೆಯಬೇಕಲ್ಲ.’ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಹರಿಶ್ಚಂದ್ರನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾನಸಿ ಹೆಗಲ ಬ್ಯಾಗನ್ನು ಕೆಳಗಿಟ್ಟಳು. ಜಯಲತಾಳ ಕೈಯಿಂದ ಮೊಬೈಲು ತೆಗೆದುಕೊಂಡು, ಆ ಫೋಟೋವನ್ನು ಹಿಗ್ಗಿಸಿ, ಕಣ್ಣು, ಹುಬ್ಬು, ಹುಬ್ಬಿನ ಮೇಲಿನ ಕಲೆಯಿಲ್ಲದ ಜಾಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡದಲ್ಲಿ, ಚಿಕ್ಕವಳಿದ್ದಾಗ ಅಮ್ಮನ ಹತ್ತಿರ ಮಾತ್ರ ಆಡುತ್ತಿದ್ದ ತಡವರಿಸುವ ಕನ್ನಡದಲ್ಲಿ ಹೇಳಿದಳು:

‘ತೆಗೆಯಬೇಡಿ ಆಂಟಿ. ಇದು ನಾನಲ್ಲ.’

ಜಯಲತಾ ಅವಳ ಮುಖವನ್ನೇ ನೋಡಿದಳು, ಬಗ್ಗಿ ಸೀರೆಯ ಪೆಟ್ಟಿಗೆಯನ್ನು ಟೀಪಾಯಿಯ ಮೇಲೆ ಇಟ್ಟಳು. ಮಲ್ಲಿಗೆಯ ಅಟ್ಟಿಯಿಂದ ಒಂದು ತುಂಡು ಹರಿದು, ‘ತಂಗಿಗೂ ಸ್ವಲ್ಪ ಇರಲಿ,’ ಎಂದಳು. ಮಾನಸಿ ತಲೆ ಬಗ್ಗಿಸಿದಳು.

ಅಲ್ಲ, ಅದು ನೀನೇ ಮಗಾ, ಎಂದು ಕೂಗಬೇಕು ಅನಿಸಿ ಹರಿಶ್ಚಂದ್ರ ಕುರ್ಚಿಯಿಂದ ಎದ್ದ. ಮೊಬೈಲಿನಲ್ಲಿದ್ದ ಮುಖ ನೋಡಿದ, ಹೂ ಮುಡಿಸಿಕೊಳ್ಳುತ್ತಿದ್ದ ಮುಖ ನೋಡಿದ. ಯಾವುದನ್ನು ತೋರಿಸಿ ಕೂಗಬೇಕೆಂದು ಅವನಿಗೆ ತಿಳಿಯಲಿಲ್ಲ.